“ಸಿಸ್ಟಮ್‌ನಲ್ಲಿ ಹಾಗೇ ಇದೆ” ಅಂದ್ರೆ ಯಾರ ಸಹಿ?

1/9

ಹೋದ ಸರಣಿಯಲ್ಲಿ ಟ್ಯಾಲಿಯ ಎಡಿಟ್ ಲಾಗ್ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬಂತು: “ಟ್ಯಾಲಿ ನಮ್ಮ ಕಣ್ಣೆದುರೇ ಇರುತ್ತೆ, ಸರಿ. ಬ್ಯಾಂಕು, ಸೊಸೈಟಿಗಳಲ್ಲಿ ದೊಡ್ಡ ಸಾಫ್ಟ್‌ವೇರ್ ಇರುತ್ತಲ್ಲ, ಅಲ್ಲಿ ಯಾರು ಯಾವ ಲೆಕ್ಕ ಮುಟ್ಟಬಹುದು ಅಂತ ಎಲ್ಲಿ ಬರೆದಿರುತ್ತೆ?”

ಉತ್ತರ ಹಲವು ಕಡೆ ಬರೆದಿರುತ್ತೆ. ಅದರಲ್ಲಿ ಒಂದು ಜಾಗದ ಬಗ್ಗೆ ನಮ್ಮ ಬಿಕಾಂ ಕ್ಲಾಸಿನಲ್ಲಿ ಯಾರೂ ಮಾತಾಡಲ್ಲ. ಅದರ ಪೂರ್ತಿ ಹೆಸರು ಹೇಳ್ತೀನಿ, ಓಡಿಹೋಗ್ಬೇಡಿ: ಜಾವಾ ಅಪ್ಲಿಕೇಶನ್‌ಗಳಲ್ಲಿ ಸ್ಟ್ಯಾಟಿಕ್ ಎಸ್‌ಕ್ಯೂಎಲ್ ಪ್ಯಾಕೇಜ್ ಬೈಂಡ್ ಮಾಡುವಾಗ ಕೊಡುವ ಆಪ್ಷನ್‌ಗಳು.

ಇದು ಬಿಸಿಎ ಹುಡುಗರ ಸಬ್ಜೆಕ್ಟು ಅಂತ ನಾನೂ ಅಂದ್ಕೊಂಡಿದ್ದೆ. ನಮ್ಮ ದೊಡ್ಡಮ್ಮನ ಮಗಳು, ಬೆಂಗಳೂರಿನಲ್ಲಿ ಬ್ಯಾಂಕ್ ಸಾಫ್ಟ್‌ವೇರ್ ಕೆಲಸ ಮಾಡೋ ಅಕ್ಕ, ದೀಪಾವಳಿಗೆ ಭದ್ರಾವತಿಗೆ ಬಂದಾಗ ಮೂರು ದಿನ ಇದನ್ನೇ ಕೇಳಿ ಕೇಳಿ ಅವಳ ತಲೆ ತಿಂದೆ. ಕೊನೆಗೆ ಅವಳು ಅಂದಿದ್ದು: “ಏನೇ, ಇದು ಕೋಡಿಂಗ್ ಅಲ್ವೇ ಅಲ್ಲ ಕಣೇ. ಇದು ನಿಮ್ಮ ಆಡಿಟಿಂಗ್ ಪುಸ್ತಕದ ಎರಡನೇ ಪಾಠ.”

ಒಂಬತ್ತು ಪೋಸ್ಟ್ ಇದೆ. ಕೋಡ್ ಒಂದು ಸಾಲೂ ಇಲ್ಲ. ವೋಚರ್ ಓದೋಕೆ ಬಂದ್ರೆ ಇದನ್ನೂ ಓದಬಹುದು.

2/9

ಫೋಟೋದಲ್ಲಿರೋದು ಅಪ್ಪನ ಹಳೇ ಇಂಡೆಂಟ್ ಪುಸ್ತಕ. ಅಪ್ಪ ಭದ್ರಾವತಿಯಲ್ಲಿ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಗುಮಾಸ್ತರಾಗಿದ್ರು. ಹೊರಗಿನ ಊರಿನ ಫಾಲೋವರ್ಸ್‌ಗೆ ಒಂದು ಮಾತು: ನಮ್ಮೂರು ಎರಡು ಕಾರ್ಖಾನೆಗಳ ಊರು. 1923ರಲ್ಲಿ ಕೆಲಸ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಈಗ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು. ಇನ್ನೊಂದು 1936ರಲ್ಲಿ ಶುರುವಾದ ಮೈಸೂರು ಕಾಗದ ಕಾರ್ಖಾನೆ. ಇಲ್ಲಿ ಬೆಳೆದ ಮಕ್ಕಳಿಗೆ ಗೇಟ್ ಪಾಸ್, ಶಿಫ್ಟ್, ಇಂಡೆಂಟ್ ಅನ್ನೋ ಪದಗಳು ಅ ಆ ಇ ಈ ಜೊತೆಗೇ ಬರುತ್ತೆ.

ಸ್ಟೋರ್ಸ್ ಕಿಟಕಿಯಲ್ಲಿ ಎರಡು ರೀತಿ ಕೆಲಸ ಆಗಬಹುದು ಅಂತ ಊಹಿಸ್ಕೊಳ್ಳಿ.

ಮೊದಲನೇ ರೀತಿ. ಒಬ್ಬರು ಬಂದು ಬಾಯಲ್ಲೇ ಕೇಳ್ತಾರೆ: “ಎರಡು ಬೇರಿಂಗ್ ಕೊಡಿ.” ಗುಮಾಸ್ತರು ಪ್ರತಿ ಸಲ ಯೋಚನೆ ಮಾಡಬೇಕು. ಏನು ಕೇಳ್ತಿದ್ದಾರೆ? ಇವರಿಗೆ ಕೇಳೋ ಹಕ್ಕಿದೆಯಾ? ಅದು ಯಾವ ರ‍್ಯಾಕ್‌ನಲ್ಲಿದೆ, ಯಾವ ದಾರಿಯಲ್ಲಿ ಹೋದ್ರೆ ಬೇಗ ಸಿಗುತ್ತೆ? ನಾಳೆ ಅದೇ ಮನುಷ್ಯ ಬಂದ್ರೆ ಮತ್ತೆ ಮೊದಲಿಂದ.

ಎರಡನೇ ರೀತಿ. ಯಾವ ಯಾವ ಬೇಡಿಕೆ ಬರಬಹುದು ಅಂತ ಮೊದಲೇ ಕೂತು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ನಂಬರ್ ಕೊಟ್ಟು, ರ‍್ಯಾಕ್ ಗುರುತು ಹಾಕಿ, ಅಧಿಕಾರಿಯ ಸಹಿ ತಗೊಂಡು ಇಟ್ಟಿರ್ತಾರೆ. ಕಿಟಕಿಗೆ ಬಂದವರು “14ನೇ ನಂಬರ್, ಎರಡು” ಅಂದ್ರೆ ಸಾಕು. ಪಟ್ಟಿಯಲ್ಲಿ ಇಲ್ಲದ್ದನ್ನ ಕೇಳಿದ್ರೆ ಸಿಗಲ್ಲ. ಎಷ್ಟು ಬೇಕು ಅನ್ನೋದಷ್ಟೇ ಕೇಳುವವರ ಕೈಲಿ, ಏನು ಕೇಳಬಹುದು ಅನ್ನೋದು ಅಲ್ಲ.

ಡೇಟಾಬೇಸ್‌ನಲ್ಲಿ ಮೊದಲನೇದಕ್ಕೆ ಡೈನಮಿಕ್ ಎಸ್‌ಕ್ಯೂಎಲ್ ಅಂತಾರೆ. ಎರಡನೇದು ಸ್ಟ್ಯಾಟಿಕ್ ಎಸ್‌ಕ್ಯೂಎಲ್. ಆ ಸಹಿಯಾದ ಪಟ್ಟಿಯೇ ಪ್ಯಾಕೇಜ್. ಪಟ್ಟಿ ಮಾಡಿ ಸಹಿ ಹಾಕಿ ಡೇಟಾಬೇಸ್ ಒಳಗೆ ಇಡೋ ಕೆಲಸವೇ ಬೈಂಡ್.

3/9

ಸ್ವಲ್ಪ ಇತಿಹಾಸ, ಬೇಗ ಮುಗಿಸ್ತೀನಿ.

ಲೆಕ್ಕಗಳನ್ನ ಸಾಲು, ಕಾಲಂಗಳ ಟೇಬಲ್‌ಗಳಾಗಿ ಇಡಬೇಕು ಅನ್ನೋ ಯೋಚನೆಯನ್ನ 1970ರಲ್ಲಿ ಐಬಿಎಂನ ಇ. ಎಫ್. ಕಾಡ್ ಬರೆದರು. ಅದರ ಮೇಲೆ ಐಬಿಎಂನವರೇ ಪ್ರಯೋಗ ಮಾಡಿ, 1983ರಲ್ಲಿ ಡಿಬಿ2 ಅನ್ನೋ ಡೇಟಾಬೇಸ್ ತಂದರು. ಆಗಿನ ಬ್ಯಾಂಕ್ ಪ್ರೋಗ್ರಾಂಗಳು ಕೋಬಾಲ್‌ನಲ್ಲಿ ಇದ್ದವು. ದಿನಾ ಅದದೇ ಪ್ರಶ್ನೆ, ಲಕ್ಷಾಂತರ ಸಲ: ಈ ಖಾತೆಯ ಬಾಕಿ ಎಷ್ಟು, ಇದರಿಂದ ಇಷ್ಟು ಕಳಿ, ಅದಕ್ಕೆ ಇಷ್ಟು ಕೂಡು. ಹಾಗಾಗಿ ಸ್ಟ್ಯಾಟಿಕ್ ರೀತಿ ಅಲ್ಲಿ ಸಹಜವಾಗಿ ಕೂತುಬಿಡ್ತು.

ಆಮೇಲೆ ಜಾವಾ ಬಂತು. 1997ರಿಂದ ಜಾವಾದವರು ಡೇಟಾಬೇಸ್ ಜೊತೆ ಮಾತಾಡೋಕೆ ಜೆಡಿಬಿಸಿ ಅನ್ನೋ ದಾರಿ ಬಳಸೋಕೆ ಶುರು ಮಾಡಿದ್ರು. ಅದು ಸುಲಭ, ಆದ್ರೆ ಡೈನಮಿಕ್. ಪ್ರಶ್ನೆಯ ವಾಕ್ಯವನ್ನ ಪ್ರೋಗ್ರಾಂ ಓಡುವಾಗಲೇ ಕಳಿಸ್ತಾರೆ, ಡೇಟಾಬೇಸ್ ಆಗಲೇ ಅದನ್ನ ಓದಿ, ಹಕ್ಕು ನೋಡಿ, ದಾರಿ ಹುಡುಕುತ್ತೆ. ಒಮ್ಮೆ ಹುಡುಕಿದ ದಾರಿಯನ್ನ ಸ್ವಲ್ಪ ಹೊತ್ತು ನೆನಪಿಟ್ಕೊಳ್ಳುತ್ತೆ ನಿಜ, ಆದ್ರೆ ಸಹಿ ಮಾಡಿ ಇಟ್ಟ ಪಟ್ಟಿ ಅಂತ ಒಂದು ಇರಲ್ಲ.

ಜಾವಾದಲ್ಲೂ ಪಟ್ಟಿ ಬೇಕು ಅನ್ನೋರಿಗೆ ಎಸ್‌ಕ್ಯೂಎಲ್‌ಜೆ ಬಂತು. ಆಮೇಲೆ ಐಬಿಎಂನ ಪ್ಯೂರ್‌ಕ್ವೆರಿ ಬಂತು. ಪ್ಯೂರ್‌ಕ್ವೆರಿಯ ಒಂದು ಉಪಾಯ ನನಗೆ ತುಂಬ ಹಿಡಿಸ್ತು. ಆಗಲೇ ಓಡ್ತಿರೋ ಜಾವಾ ಅಪ್ಲಿಕೇಶನ್ ಯಾವ ಯಾವ ಪ್ರಶ್ನೆ ಕೇಳುತ್ತೆ ಅಂತ ಪಕ್ಕದಲ್ಲಿ ನಿಂತು ಬರ್ಕೊಳ್ಳುತ್ತೆ, ಕೋಡ್ ಮುಟ್ಟಲ್ಲ. ಬರ್ಕೊಂಡ ಪಟ್ಟಿಯನ್ನ ಮನುಷ್ಯರು ನೋಡಿ ಒಪ್ಪಿದ ಮೇಲೆ ಅದನ್ನೇ ಬೈಂಡ್ ಮಾಡಬಹುದು. “ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ ಬಂದ್ರೆ ತಿರಸ್ಕರಿಸು” ಅಂತ ಒಂದು ಸೆಟ್ಟಿಂಗ್ ಹಾಕಿದ್ರೆ ಮುಗೀತು, ಹೊರಗಿನ ಪ್ರಶ್ನೆಗೆ ಬಾಗಿಲು ಬಂದ್.

ಲಾಗಿನ್ ಬಾಕ್ಸಿನಲ್ಲಿ ಏನೇನೋ ಟೈಪ್ ಮಾಡಿ ಡೇಟಾ ಕದಿಯೋ ಎಸ್‌ಕ್ಯೂಎಲ್ ಇಂಜೆಕ್ಷನ್ ಕೇಳಿದೀರಲ್ಲ? ಸ್ಟ್ಯಾಟಿಕ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ವಾಕ್ಯ ಮೊದಲೇ ಗಟ್ಟಿಯಾಗಿದೆ, ನೀವು ಟೈಪ್ ಮಾಡಿದ್ದು ಖಾಲಿ ಜಾಗ ತುಂಬೋ ಬೆಲೆ ಮಾತ್ರ.

4/9

ಇದೆಲ್ಲ ನಂಗ್ಯಾಕೆ ಬೇಕಾಯ್ತು ಅಂತ ಈಗ ಹೇಳ್ತೀನಿ.

ನಮ್ಮಜ್ಜಿ ಹೂ ಕಟ್ಟಿ ಮಾರ್ತಾರೆ. ದಿನಾ 50 ರೂಪಾಯಿ ಪಿಗ್ಮಿ ಕಟ್ಟೋರು. ಪಿಗ್ಮಿ ನಮ್ಮ ಕರ್ನಾಟಕದ್ದೇ ಕೊಡುಗೆ, ಗೊತ್ತಾ? 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯವರು, ಟಿ. ಎಂ. ಎ. ಪೈ ಅವರ ಕಾಲದಲ್ಲಿ, ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ್ದು. ಬ್ಯಾಂಕಿನ ಮೆಟ್ಟಿಲು ಹತ್ತದವರ ಮನೆ ಬಾಗಿಲಿಗೆ ಬ್ಯಾಂಕೇ ಬರೋ ಯೋಜನೆ.

ಅಜ್ಜಿ ಕಟ್ತಿದ್ದಿದ್ದು ಒಂದು ಸಹಕಾರಿಯಲ್ಲಿ, ಹೆಸರು ಬೇಡ. 329 ದಿನ ಕಟ್ಟಿದ್ರು, ಕಾರ್ಡಿನಲ್ಲಿ 16,450 ರೂಪಾಯಿ. ಅತ್ತೆಯ ಆಪರೇಷನ್‌ಗೆ ಅಂತ ವಾಪಸ್ ಕೇಳೋಕೆ ಹೋದಾಗ ಕಂಪ್ಯೂಟರ್‌ನಲ್ಲಿ 14,250. ಎರಡು ಸಾವಿರದ ಇನ್ನೂರು ಕಡಿಮೆ. ಅಂದ್ರೆ 44 ದಿನದ ಹೂವಿನ ದುಡ್ಡು.

ಕೌಂಟರ್‌ನಲ್ಲಿದ್ದವರು ಒರಟಾಗಿ ಮಾತಾಡ್ಲಿಲ್ಲ. ಅಜ್ಜಿ ಕಾರ್ಡು ತೋರಿಸಿದ್ರೆ ಅವರು ಸ್ಕ್ರೀನ್ ತಿರುಗಿಸಿ ತೋರಿಸಿದ್ರು. “ಸಿಸ್ಟಮ್‌ನಲ್ಲಿ ಹಾಗೇ ಇದೆ ಅಜ್ಜೀ, ನಾವೇನ್ ಮಾಡೋಕಾಗುತ್ತೆ?”

ಮೂರು ವಾರ ಓಡಾಡಿದ ಮೇಲೆ ಪಾಸ್‌ಬುಕ್‌ನಲ್ಲಿ ಒಂದು ಸಾಲು ಬಂತು: ಅಡ್ಜಸ್ಟ್‌ಮೆಂಟ್, 2,200. ದುಡ್ಡು ಸರಿಹೋಯ್ತು. ಆದ್ರೆ ಯಾರು ಸರಿ ಮಾಡಿದ್ರು, ಯಾರ ಒಪ್ಪಿಗೆಯಿಂದ, ಮೊದಲು ಕಡಿಮೆ ಆಗಿದ್ದು ಹೇಗೆ, ಇದಕ್ಕೆ ವೋಚರ್ ನಂಬರ್ ಇಲ್ಲ, ಹೆಸರಿಲ್ಲ. ಒಂದು ಸಾಲಿನಲ್ಲಿ ಕೂಡಬಹುದು ಅಂದ್ರೆ ಒಂದು ಸಾಲಿನಲ್ಲಿ ಕಳೆಯಲೂಬಹುದು ತಾನೆ?

ಅಜ್ಜಿ ಪಿಗ್ಮಿ ನಿಲ್ಲಿಸಿದ್ರು. ಈಗ ದುಡ್ಡು ಅಕ್ಕಿ ಡಬ್ಬದಲ್ಲಿ. ನಮ್ಮ ಬೀದಿಯ ಇನ್ನೂ ಮೂರು ಮನೆಯವರು ಅವರನ್ನ ನೋಡಿ ನಿಲ್ಲಿಸಿದ್ರು. ದುಡ್ಡು ವಾಪಸ್ ಬಂದ್ರೂ ನಂಬಿಕೆ ವಾಪಸ್ ಬರ್ಲಿಲ್ಲ.

5/9

ಅಕ್ಕನಿಗೆ ಈ ಕಥೆ ಹೇಳಿದಾಗ ಅವಳು ಮೊದಲು ಕೇಳಿದ ಪ್ರಶ್ನೆ: “ಕೌಂಟರ್‌ನವರ ಲಾಗಿನ್‌ಗೆ ಟೇಬಲ್ ಮೇಲೆ ಹಕ್ಕಿತ್ತಾ, ಪ್ಯಾಕೇಜ್ ಮೇಲೆ ಹಕ್ಕಿತ್ತಾ?”

ವ್ಯತ್ಯಾಸ ಇಷ್ಟೇ. ಡೈನಮಿಕ್ ರೀತಿಯಲ್ಲಿ ಖಾತೆಯ ಬಾಕಿ ಬದಲಾಯಿಸಬೇಕಾದ್ರೆ, ಪ್ರೋಗ್ರಾಂ ಯಾವ ಲಾಗಿನ್‌ನಿಂದ ಡೇಟಾಬೇಸ್‌ಗೆ ಹೋಗುತ್ತೋ ಆ ಲಾಗಿನ್‌ಗೇ ಬಾಕಿಯ ಟೇಬಲ್ ತಿದ್ದೋ ಹಕ್ಕು ಬೇಕು. ಆ ಪಾಸ್‌ವರ್ಡ್ ಗೊತ್ತಿದ್ದವರು ಪ್ರೋಗ್ರಾಂ ಬಿಟ್ಟು ಬೇರೆ ಟೂಲ್‌ನಿಂದಲೂ ಒಳಗೆ ಹೋಗಿ ಅದೇ ಟೇಬಲ್ ತಿದ್ದಬಹುದು. ಗಲ್ಲಾ ಪೆಟ್ಟಿಗೆಯ ಕೀಲಿಯನ್ನೇ ಕೊಟ್ಟ ಹಾಗೆ.

ಸ್ಟ್ಯಾಟಿಕ್ ರೀತಿಯಲ್ಲಿ ಬೈಂಡ್ ಮಾಡುವಾಗ ಓನರ್ ಅಂತ ಒಂದು ಆಪ್ಷನ್ ಕೊಡ್ತಾರೆ. ಟೇಬಲ್ ತಿದ್ದೋ ಹಕ್ಕು ಇರಬೇಕಾದ್ದು ಆ ಓನರ್‌ಗೆ. ಕೌಂಟರ್‌ನ ಲಾಗಿನ್‌ಗೆ ಬೇಕಾಗೋದು ಪ್ಯಾಕೇಜನ್ನ ನಡೆಸೋ ಹಕ್ಕು ಮಾತ್ರ, ಅದಕ್ಕೆ ಎಕ್ಸಿಕ್ಯೂಟ್ ಅಂತಾರೆ. ಬೇರೆ ಟೂಲ್‌ನಿಂದ ಹೋಗಿ ಟೇಬಲ್ ಮುಟ್ಟಿದ್ರೆ “ನಿನಗೆ ಹಕ್ಕಿಲ್ಲ” ಅನ್ನೋ ಉತ್ತರ. ಪಟ್ಟಿಯಲ್ಲಿ “ಪಿಗ್ಮಿ ಜಮಾ ಮಾಡು, ಜೊತೆಗೆ ಯಾರು ಮಾಡಿದ್ರು ಅಂತ ಬರೆ” ಅಂತ ಮಾತ್ರ ಇದ್ರೆ, ಅಷ್ಟೇ ಆಗುತ್ತೆ. ಬರೆಯದೇ ಜಮಾ ಮಾಡೋಕೆ ದಾರಿ ಇಲ್ಲ.

ಆಡಿಟಿಂಗ್ ಪುಸ್ತಕದಲ್ಲಿ ನಾವು ಇದನ್ನ ಇಂಟರ್ನಲ್ ಚೆಕ್ ಅಂತ ಬಾಯಿಪಾಠ ಮಾಡ್ತೀವಿ. ಕ್ಯಾಷ್ ಹಿಡಿಯೋರು, ಲೆಡ್ಜರ್ ಬರೆಯೋರು, ಮಂಜೂರು ಮಾಡೋರು ಬೇರೆ ಬೇರೆ ಇರಬೇಕು. ಆ ನಾಲ್ಕು ಅಂಕದ ಉತ್ತರ ಒಂದು ಸಾಫ್ಟ್‌ವೇರ್ ಒಳಗೆ ಹೇಗೆ ಕಾಣುತ್ತೆ ಅಂದ್ರೆ, ಹೀಗೆ ಕಾಣುತ್ತೆ. ಓನರ್ ಅಂದ್ರೆ ಮಂಜೂರು ಮಾಡಿದವರು. ಎಕ್ಸಿಕ್ಯೂಟ್ ಅಂದ್ರೆ ಕೌಂಟರ್.

ಇಲ್ಲೊಂದು ಎಚ್ಚರಿಕೆ. ಓನರ್ ಜಾಗದಲ್ಲಿ ಎಲ್ಲಾ ಟೇಬಲ್‌ಗಳ ಮೇಲೂ ಪೂರ್ತಿ ಹಕ್ಕಿರೋ ದೊಡ್ಡ ಲಾಗಿನ್ ಒಂದನ್ನ ಹಾಕಿ, ಎಕ್ಸಿಕ್ಯೂಟ್ ಹಕ್ಕನ್ನ ಎಲ್ಲರಿಗೂ ಹಂಚಿದ್ರೆ ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ.

6/9

ಈಗ ಆಪ್ಷನ್ ಫೈಲ್. ಅಕ್ಕ ತನ್ನ ಕೆಲಸದ ಫೈಲ್ ತೋರಿಸೋ ಹಾಗಿಲ್ಲ, ಹಾಗಾಗಿ ಕ್ಯಾಲೆಂಡರ್ ಹಿಂದುಗಡೆ ಪೆನ್ಸಿಲ್‌ನಲ್ಲಿ ಮಾದರಿ ಬರೆದು ತೋರಿಸಿದ್ಲು. ಫೋಟೋ ಅದೇ, ಅಕ್ಷರ ಅವಳದ್ದು.

ಮೇಲೆ ಒಂದು ಡೀಫಾಲ್ಟ್ ಸಾಲು ಇರುತ್ತೆ, ಅದು ಎಲ್ಲಾ ಪ್ಯಾಕೇಜ್‌ಗೂ ಅನ್ವಯ. ಅದರ ಕೆಳಗೆ ಒಂದೊಂದು ಪ್ಯಾಕೇಜ್ ಹೆಸರು ಹಿಡಿದು ಬೇರೆ ಸಾಲು ಬರೆಯಬಹುದು. ಹೆಸರು ಹಿಡಿದು ಬರೆದ ಸಾಲು ಡೀಫಾಲ್ಟ್ ಅನ್ನ ಮೀರುತ್ತೆ. ಗಾಂಧಿ ಬಜಾರ್‌ನ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ರೇಟು, ಆದ್ರೆ ಒಬ್ಬ ಗಿರಾಕಿ ಹೆಸರಿನಲ್ಲಿ ಬೇರೆ ರೇಟು ಬರೆದಿಟ್ಟ ಹಾಗೆ. ಆಡಿಟ್‌ಗೆ ಹೋದವರು ಎಲ್ಲರ ರೇಟನ್ನ ಒಂದು ನಿಮಿಷ ನೋಡಿ, ಆ ಒಬ್ಬನ ರೇಟನ್ನ ಹತ್ತು ನಿಮಿಷ ನೋಡಬೇಕು. ಇಲ್ಲೂ ಅಷ್ಟೇ. ವಿನಾಯಿತಿ ಸಾಲುಗಳಲ್ಲೇ ಕಥೆ ಇರೋದು.

ಫೈಲಿನಲ್ಲಿ ಕಾಣೋ ಆಪ್ಷನ್‌ಗಳು:

ಓನರ್: ಹೋದ ಪೋಸ್ಟಿನಲ್ಲಿ ಹೇಳಿದ್ದೇ. ಯಾರ ಹಕ್ಕಿನ ಮೇಲೆ ನಡೆಯುತ್ತೆ.

ಕ್ವಾಲಿಫೈಯರ್: ಪ್ರೋಗ್ರಾಂನಲ್ಲಿ ಬರೀ “ಖಾತೆ ಟೇಬಲ್” ಅಂತ ಬರೆದಿದ್ರೆ ಯಾವ ಖಾತೆ ಟೇಬಲ್? ಟೆಸ್ಟಿಂಗ್‌ದಾ, ನಿಜವಾದ್ದಾ? ಶಿವಮೊಗ್ಗ ಶಾಖೆಯದಾ, ಭದ್ರಾವತಿ ಶಾಖೆಯದಾ? ಬರೀ “ರಾಮಣ್ಣನ ಖಾತೆ” ಅಂದ್ರೆ ಸಾಲದು, ಯಾವ ಊರಿನ ರಾಮಣ್ಣ ಅಂತ ಹೇಳಬೇಕಲ್ಲ, ಅದೇ ಕೆಲಸ ಇದು. ಒಂದೇ ಕೋಡನ್ನ ಬೇರೆ ಕ್ವಾಲಿಫೈಯರ್ ಕೊಟ್ಟು ಬೈಂಡ್ ಮಾಡಿದ್ರೆ ಬೇರೆ ಟೇಬಲ್ ಮೇಲೆ ನಡೆಯುತ್ತೆ. ಟೆಸ್ಟಿಂಗ್ ಹೆಸರು ಉಳಿದುಹೋಯ್ತೋ, ನಿಜವಾದ ಜಮಾ ಹೋಗಿ ಟೆಸ್ಟ್ ಟೇಬಲ್‌ನಲ್ಲಿ ಕೂತ್ಕೊಳ್ಳುತ್ತೆ.

ಕಲೆಕ್ಷನ್: ಪ್ಯಾಕೇಜ್‌ಗಳನ್ನ ಗುಂಪು ಮಾಡೋ ಹೆಸರು. ಫೈಲಿಂಗ್ ಕಪಾಟಿನ ಖಾನೆ ಇದ್ದ ಹಾಗೆ. ಹಳೇ ವರ್ಷನ್ ಒಂದು ಖಾನೆ, ಹೊಸದು ಇನ್ನೊಂದು.

ವ್ಯಾಲಿಡೇಟ್: ಬೈಂಡ್ ಮಾಡುವಾಗ ಟೇಬಲ್ ಇಲ್ಲ ಅಥವಾ ಓನರ್‌ಗೆ ಹಕ್ಕಿಲ್ಲ ಅಂತ ಗೊತ್ತಾದ್ರೆ ಏನು ಮಾಡಬೇಕು? “ಬೈಂಡ್” ಅಂತ ಕೊಟ್ರೆ ಅಲ್ಲೇ ನಿಲ್ಲಿಸುತ್ತೆ. “ರನ್” ಅಂತ ಕೊಟ್ರೆ ಈಗ ಬಿಟ್ಟು, ನಡೆಸೋ ಹೊತ್ತಿಗೆ ನೋಡೋಣ ಅನ್ನುತ್ತೆ. ಎರಡಕ್ಕೂ ಕಾರಣ ಇದೆ. ಆದ್ರೆ ದುಡ್ಡಿನ ಪ್ಯಾಕೇಜ್‌ಗೆ “ಆಮೇಲೆ ನೋಡೋಣ” ಯಾಕೆ ಅಂತ ಕೇಳೋ ಹಕ್ಕು ಆಡಿಟರ್‌ಗಿದೆ.

ಎಕ್ಸ್‌ಪ್ಲೇನ್: ಡೇಟಾಬೇಸ್ ಯಾವ ದಾರಿ ಆರಿಸ್ತು ಅಂತ ಬರೆದಿಡು ಅನ್ನೋ ಆಪ್ಷನ್. ಇದು ನಿಧಾನ ಆಗ್ತಿದೆ ಅಂತ ದೂರು ಬಂದಾಗ ಬೇಕಾಗುತ್ತೆ.

ದಾರಿಯ ಬಗ್ಗೆ ಒಂದು ಮಾತು. ಬೈಂಡ್ ಮಾಡಿದ ದಿನ ಟೇಬಲ್‌ಗಳು ಹೇಗಿದ್ವೋ ಅದನ್ನ ನೋಡಿ ದಾರಿ ನಿಶ್ಚಯ ಆಗುತ್ತೆ. ಐನೂರು ಖಾತೆ ಇದ್ದಾಗ ಆರಿಸಿದ ದಾರಿ ಐವತ್ತು ಸಾವಿರ ಖಾತೆಗೆ ಸರಿಹೋಗದೇ ಇರಬಹುದು. ಹೊಸ ಲೆಕ್ಕ ಸಂಗ್ರಹಿಸಿ ರೀಬೈಂಡ್ ಮಾಡಬೇಕು. ಏಪ್ರಿಲ್‌ನಲ್ಲಿ ಮಾಡಿದ ಬಜೆಟ್ಟನ್ನ ಮಧ್ಯೆ ಪರಿಷ್ಕರಿಸ್ತೀವಲ್ಲ, ಹಾಗೆ. ಮೊದಲೇ ನಿಶ್ಚಯ ಮಾಡೋದರ ಲಾಭವೂ ಅದೇ, ನಷ್ಟವೂ ಅದೇ: ಯಾರಾದ್ರೂ ಬಂದು ಬದಲಾಯಿಸೋ ತನಕ ಬದಲಾಗಲ್ಲ.

7/9

ಐಸೊಲೇಶನ್‌ಗೆ ಒಂದು ಪೂರ್ತಿ ಪೋಸ್ಟ್ ಕೊಡ್ತಿದೀನಿ, ಯಾಕಂದ್ರೆ ಬ್ಯಾಲೆನ್ಸ್ ಷೀಟ್ ಟ್ಯಾಲಿ ಆಗದೇ ಇರೋಕೆ ಇದೂ ಒಂದು ಕಾರಣ ಆಗಬಹುದು.

ಸಂಜೆ ನಾಲ್ಕು ಗಂಟೆ. ನೆಹರೂ ರೋಡ್ ಕಡೆ ಸುತ್ತಿ ಬಂದ ಪಿಗ್ಮಿ ಏಜೆಂಟ್ ತನ್ನ ಮೆಷಿನ್‌ನಿಂದ 60 ಜಮಾ ಅಪ್‌ಲೋಡ್ ಮಾಡ್ತಿದಾರೆ. 37 ಆಗಿದೆ, ಇನ್ನೂ ಖಾಯಂ ಆಗಿಲ್ಲ. ಅದೇ ಕ್ಷಣ ಮ್ಯಾನೇಜರ್ “ಇವತ್ತಿನ ಒಟ್ಟು ಎಷ್ಟು?” ಅಂತ ಬಟನ್ ಒತ್ತಿದ್ರು. ಯಾವ ಉತ್ತರ ಬರಬೇಕು?

ಡಿಬಿ2ನಲ್ಲಿ ನಾಲ್ಕು ಹಂತ ಇದೆ.

ಯುಆರ್: ಖಾಯಂ ಆಗದ 37ನ್ನೂ ಎಣಿಸಿಬಿಡುತ್ತೆ. ಮಧ್ಯದಲ್ಲಿ ನೆಟ್ ಹೋಗಿ ಅಷ್ಟೂ ರದ್ದಾದ್ರೆ, ಮ್ಯಾನೇಜರ್ ಕೈಲಿರೋ ಒಟ್ಟು ಮೊತ್ತ ಯಾವತ್ತೂ ನಿಜ ಆಗಿರಲೇ ಇಲ್ಲ.

ಸಿಎಸ್: ಖಾಯಂ ಆದದ್ದನ್ನ ಮಾತ್ರ ಓದುತ್ತೆ. ದಿನದ ಹೆಚ್ಚಿನ ಕೆಲಸಕ್ಕೆ ಇದು ಸಾಕು.

ಆರ್‌ಎಸ್: ನೀವು ಓದಿದ ಸಾಲುಗಳು ನಿಮ್ಮ ಕೆಲಸ ಮುಗಿಯೋ ತನಕ ಬದಲಾಗಲ್ಲ. ಆದ್ರೆ ಹೊಸ ಸಾಲು ಮಧ್ಯೆ ಸೇರ್ಕೊಳ್ಳಬಹುದು.

ಆರ್‌ಆರ್: ಬದಲಾವಣೆಯೂ ಇಲ್ಲ, ಹೊಸ ಸಾಲೂ ಇಲ್ಲ. ಎರಡು ಸಲ ಕೇಳಿದ್ರೆ ಎರಡೂ ಸಲ ಒಂದೇ ಉತ್ತರ. ಬೆಲೆ ಏನಂದ್ರೆ, ಅಲ್ಲೀತನಕ ಬೇರೆಯವರು ಕಾಯಬೇಕು. ಕೌಂಟರ್ ಕ್ಯೂ ಹನುಮಂತನ ಬಾಲ ಆಗುತ್ತೆ.

ಹಾಗಾಗಿ ಎಲ್ಲದಕ್ಕೂ ಬಿಗಿಯಾದ್ದು ಕೊಟ್ರೂ ತಪ್ಪು, ಎಲ್ಲದಕ್ಕೂ ಸಡಿಲ ಕೊಟ್ರೂ ತಪ್ಪು. “ಇವತ್ತು ಅಂದಾಜು ಎಷ್ಟು ಜನ ಬಂದ್ರು” ಅನ್ನೋ ವರದಿಗೆ ಯುಆರ್ ನಡೆಯುತ್ತೆ. ಬಡ್ಡಿ ಲೆಕ್ಕಕ್ಕೆ, ದಿನದ ಕೊನೆಯ ಟ್ರಯಲ್ ಬ್ಯಾಲೆನ್ಸ್‌ಗೆ ನಡೆಯಲ್ಲ.

ಎಸ್‌ಕ್ಯೂಎಲ್‌ಜೆ, ಪ್ಯೂರ್‌ಕ್ವೆರಿಗಳಲ್ಲಿ ಒಂದು ಸೂಕ್ಷ್ಮ ಇದೆ. ಯಾವ ಹಂತ ಅಂತ ನೀವು ಹೇಳದೇ ಬೈಂಡ್ ಮಾಡಿದ್ರೆ ಒಂದೇ ಪಟ್ಟಿಗೆ ನಾಲ್ಕು ಪ್ಯಾಕೇಜ್ ಹುಟ್ಟುತ್ತೆ. ಹೆಸರಿನ ಕೊನೆಗೆ 1, 2, 3, 4. ಒಂದು ಅಂದ್ರೆ ಯುಆರ್, ಎರಡು ಸಿಎಸ್, ಮೂರು ಆರ್‌ಎಸ್, ನಾಲ್ಕು ಆರ್‌ಆರ್. ಪ್ರೋಗ್ರಾಂ ಓಡುವಾಗ ಯಾವ ಹಂತ ಕೇಳುತ್ತೋ ಅದು ಎದ್ದು ಬರುತ್ತೆ. ಬೇಕಾದ್ದು ಒಂದೇ ಆದ್ರೆ ಹಂತ ಹೇಳಿ ಒಂದನ್ನೇ ಬೈಂಡ್ ಮಾಡೋದು ಒಳ್ಳೇದು. ಬಳಸದ ಮೂರು ಬಾಗಿಲು ತೆರೆದಿಟ್ಟು ಮಲಗೋದು ಯಾಕೆ?

8/9

“ಇದೆಲ್ಲ ದೊಡ್ಡ ಬ್ಯಾಂಕ್ ವಿಷಯ, ನಮ್ಮ ಕಡೆ ಯಾರು ಮಾಡ್ತಾರೆ” ಅಂತ ಕೇಳ್ತೀರ ಅಂತ ಗೊತ್ತು. ಡಿಬಿ2 ಬೇಡ, ಯೋಚನೆ ನೋಡಿ. ನಮ್ಮ ಮನೆ ಪಹಣಿಯಲ್ಲೇ ಇದೆ.

ಮೊದಲು ಪಹಣಿ ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. ಪುಸ್ತಕ ಅವರ ಹತ್ರ, ತಿದ್ದೋ ಪೆನ್ನೂ ಅವರ ಹತ್ರ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನ, 67 ಲಕ್ಷ ರೈತರ ದಾಖಲೆಯನ್ನ ಕಂಪ್ಯೂಟರ್‌ಗೆ ಹಾಕ್ತು. ತಾಲೂಕು ಕಚೇರಿ ಕಿಯೋಸ್ಕ್‌ನಲ್ಲಿ ಆಗ 15 ರೂಪಾಯಿಗೆ ಪ್ರತಿ ಸಿಗ್ತಿತ್ತು. ಎಲ್ಲರಿಗೂ ನೆನಪಿರೋದು ಆ 15 ರೂಪಾಯಿ. ನನಗೆ ದೊಡ್ಡದಾಗಿ ಕಂಡಿದ್ದು ಬೇರೆ ಎರಡು. ಒಂದು, ತಿದ್ದೋ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಹಾಗಾಗಿ “ನಾನಲ್ಲ” ಅನ್ನೋ ಹಾಗಿಲ್ಲ. ಎರಡು, ಖಾತೆ ಬದಲಾವಣೆ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು, ಪರಿಚಯದವರನ್ನ ಮೊದಲು ಮಾಡೋ ಅವಕಾಶವನ್ನ ಸಾಫ್ಟ್‌ವೇರೇ ಕಿತ್ಕೊಳ್ತು. ಏನು ಮಾಡಬಹುದು, ಯಾರ ಹೆಸರಿನಲ್ಲಿ ಅನ್ನೋದನ್ನ ಮೊದಲೇ ನಿಶ್ಚಯಿಸಿಟ್ಟಿದ್ದು. ಬೈಂಡ್‌ನ ಯೋಚನೆ ಇದೇ.

ಹಾಗಂತ ಪಟ್ಟಿ ಮಾಡಿಬಿಟ್ರೆ ಎಲ್ಲಾ ಸರಿಹೋಯ್ತಾ? ಇಲ್ಲ. 2018ರ ಫೆಬ್ರವರಿಯಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣ ನೆನಪಿಸ್ಕೊಳ್ಳಿ, 13 ಸಾವಿರ ಕೋಟಿಗೂ ಹೆಚ್ಚು. ಅಲ್ಲಿ ಬ್ಯಾಂಕಿನ ಮುಖ್ಯ ಸಾಫ್ಟ್‌ವೇರನ್ನ ಯಾರೂ ಒಡೆದು ನುಗ್ಗಲಿಲ್ಲ. ಸ್ವಿಫ್ಟ್ ಅನ್ನೋ ಸಂದೇಶ ವ್ಯವಸ್ಥೆಯಿಂದ ಖಾತರಿ ಪತ್ರಗಳು ಹೋದವು, ಮುಖ್ಯ ಸಾಫ್ಟ್‌ವೇರ್‌ನಲ್ಲಿ ಎಂಟ್ರಿ ಬರಲೇ ಇಲ್ಲ. ಎರಡಕ್ಕೂ ಕೊಂಡಿ ಇರಲಿಲ್ಲ. ಮುಂಬಾಗಿಲಿಗೆ ಎಷ್ಟೇ ಬೀಗ ಹಾಕಿ, ಹಿತ್ತಲ ಬಾಗಿಲು ಬೇರೆ ಇದ್ರೆ ಮುಗೀತು.

ಇನ್ನೊಂದು. ಪಟ್ಟಿಯೊಳಗೇ “ಕಾರಣ ಬರೆಯದೇ ಬಾಕಿ ತಿದ್ದು” ಅನ್ನೋ ವಾಕ್ಯ ಇದ್ರೆ? ಅದೂ ಅಷ್ಟೇ ಅಚ್ಚುಕಟ್ಟಾಗಿ ಬೈಂಡ್ ಆಗುತ್ತೆ. ಡೇಟಾಬೇಸ್‌ಗೆ ನ್ಯಾಯ ಅನ್ಯಾಯ ಗೊತ್ತಿಲ್ಲ. ಓನರ್‌ಗೆ ಹಕ್ಕಿದೆಯಾ ಅಂತ ನೋಡುತ್ತೆ, ಆ ಸಾಲು ಪಟ್ಟಿಯಲ್ಲಿ ಇರಬೇಕಾ ಅಂತ ನೋಡಲ್ಲ. ಅದನ್ನ ನೋಡಬೇಕಾದವರು ವ್ಯವಹಾರ ಗೊತ್ತಿರೋ ಮನುಷ್ಯರು. ಅಂದ್ರೆ ಯಾರು? ನಾವೇ ಅಲ್ವಾ?

9/9

ಬಿಕಾಂ ಮುಗಿದ ಮೇಲೆ ಏನು ಅಂದ್ರೆ ನಮಗೆ ಸಿಗೋ ಉತ್ತರ ಎರಡೇ: ಟ್ಯಾಲಿ ಕಲಿ, ಇಲ್ಲಾ ಡೇಟಾ ಎಂಟ್ರಿಗೆ ಹೋಗು. ಯಾರೋ ಬರೆದಿಟ್ಟ ಪಟ್ಟಿಯ ನಂಬರ್ ಒತ್ತೋ ಕೆಲಸ. ನಾನು ಅದನ್ನ ಕೀಳು ಅಂತ ಹೇಳ್ತಿಲ್ಲ, ಅಪ್ಪ ಮೂವತ್ತು ವರ್ಷ ಕಿಟಕಿಯಲ್ಲೇ ಕೂತು ನಮ್ಮನ್ನ ಓದಿಸಿದ್ದು. ಆದ್ರೆ ಪಟ್ಟಿ ಬರೆಯೋ ಟೇಬಲ್‌ನಲ್ಲಿ ಕೋಡ್ ಗೊತ್ತಿರೋರು ಮಾತ್ರ ಕೂತ್ರೆ, “ಈ ಸಾಲು ಇಂಟರ್ನಲ್ ಚೆಕ್ ಮುರಿಯುತ್ತೆ” ಅಂತ ಹೇಳೋರು ಯಾರು? ಅಕ್ಕನೇ ಅಂದ್ಲು, ಅವರ ಟೀಮಿನಲ್ಲಿ ಕಮ್ಮಿ ಇರೋದು ಜಾವಾ ಬರೋರು ಅಲ್ಲ, ಡೆಬಿಟ್ ಕ್ರೆಡಿಟ್ ಅರ್ಥ ಆಗೋರು ಅಂತ.

ಕಾನೂನು ಎಲ್ಲಾ ಕಡೆ ಒಂದೇ ರೀತಿ ಇಲ್ಲ ಅನ್ನೋದೂ ನೆನಪಿರಲಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ ಕಡ್ಡಾಯ, ಅದನ್ನ ಆಫ್ ಮಾಡೋ ಹಾಗಿಲ್ಲ. ಆದ್ರೆ ಅದು ಕಂಪನಿ ಕಾಯ್ದೆಯ ನಿಯಮ. ನಮ್ಮ ಅಜ್ಜಿಯಂಥವರು ಕಟ್ಟೋ ಸಹಕಾರಿಗಳು 1959ರ ಸಹಕಾರ ಸಂಘಗಳ ಕಾಯ್ದೆ ಅಥವಾ 1997ರ ಸೌಹಾರ್ದ ಕಾಯ್ದೆಯ ಕೆಳಗೆ ಬರುತ್ತವೆ. ಅಂಥ ಕಡೆ ಕೇಳೋರು ಇನ್ನೂ ಗಟ್ಟಿಯಾಗಿ ಕೇಳಬೇಕು.

ಈ ಸಲ ಇಂಟರ್ನ್‌ಶಿಪ್‌ಗೆ ಸೊಸೈಟಿ, ಬ್ಯಾಂಕು, ಆಡಿಟರ್ ಆಫೀಸು ಎಲ್ಲಿ ಹೋದ್ರೂ ಈ ಆರು ಪ್ರಶ್ನೆ ಒಯ್ಯಿರಿ. ಯಾವ ಸಾಫ್ಟ್‌ವೇರ್ ಆದ್ರೂ ನಡೆಯುತ್ತೆ:

ಒಂದು, ಕೌಂಟರ್‌ನ ಲಾಗಿನ್‌ಗೆ ಟೇಬಲ್ ತಿದ್ದೋ ನೇರ ಹಕ್ಕಿದೆಯಾ?

ಎರಡು, ಯಾರ ಹಕ್ಕಿನ ಮೇಲೆ ಈ ಕೆಲಸ ನಡೀತಿದೆ, ಆ ಓನರ್ ಯಾರು?

ಮೂರು, ಡೀಫಾಲ್ಟ್ ಬಿಟ್ಟು ಬೇರೆ ಸೆಟ್ಟಿಂಗ್ ಇರೋದು ಯಾವುದಕ್ಕೆ, ಯಾಕೆ, ಯಾರು ಒಪ್ಪಿದ್ರು?

ನಾಲ್ಕು, ಈ ವರದಿ ಖಾಯಂ ಆದ ಲೆಕ್ಕ ಓದುತ್ತಾ, ಖಾಯಂ ಆಗದ್ದನ್ನೂ ಓದುತ್ತಾ?

ಐದು, ಅಡ್ಜಸ್ಟ್‌ಮೆಂಟ್ ಎಂಟ್ರಿಗೆ ಹೆಸರು, ಕಾರಣ, ವೋಚರ್ ನಂಬರ್ ಇಲ್ಲದೇ ದಾರಿ ಇದೆಯಾ?

ಆರು, ಪಟ್ಟಿಯನ್ನ ಕೊನೇ ಸಲ ಕೂತು ಓದಿದ್ದು ಯಾವಾಗ, ಯಾರು?

ಉತ್ತರ ಎಲ್ಲದಕ್ಕೂ ಸಿಗಲ್ಲ. ಆದ್ರೆ “ಸಿಸ್ಟಮ್‌ನಲ್ಲಿ ಹಾಗೇ ಇದೆ” ಅನ್ನೋದು ಉತ್ತರ ಅಲ್ಲ ಅಂತ ಗೊತ್ತಿದ್ರೆ ಅರ್ಧ ಗೆದ್ದ ಹಾಗೆ. ಸಿಸ್ಟಮ್ ತಾನಾಗೇ ಹಾಗಿರಲ್ಲ. ಯಾರೋ ಒಬ್ಬರು, ಒಂದು ದಿನ, ಯಾರದೋ ಹಕ್ಕಿನಲ್ಲಿ ಹಾಗೆ ಬೈಂಡ್ ಮಾಡಿರ್ತಾರೆ.

ಸೇವ್ ಮಾಡ್ಕೊಳ್ಳಿ, ವೈವಾಗೂ ಉಪಯೋಗ ಆಗುತ್ತೆ. ಇಂಟರ್ನಲ್ ಚೆಕ್‌ಗೆ ಉದಾಹರಣೆ ಕೊಡಿ ಅಂದ್ರೆ ಇದನ್ನ ಹೇಳಿ ನೋಡಿ, ಮೇಡಂ ಮುಖ ನೋಡಬೇಕು. ನಿಮ್ಮ ಮನೆಯಲ್ಲೂ ಯಾರಾದ್ರೂ ಪಿಗ್ಮಿ ಕಟ್ತಿದ್ರೆ, ಇವತ್ತು ಅವರ ಕಾರ್ಡು, ಪಾಸ್‌ಬುಕ್ ಎರಡನ್ನೂ ಪಕ್ಕದಲ್ಲಿಟ್ಟು ಒಂದ್ಸಲ ಕೂಡಿ ನೋಡಿ. ಎರಡೂ ತಾಳೆ ಆಯ್ತಾ ಇಲ್ವಾ, ಕಾಮೆಂಟ್‌ನಲ್ಲಿ ಹೇಳಿ. ಸಂಸ್ಥೆ ಹೆಸರು ಮಾತ್ರ ಬೇಡ.

#ಬಿಕಾಂಡೈರಿ #ಭದ್ರಾವತಿಹುಡುಗಿ #ಶಿವಮೊಗ್ಗ #ಲೆಕ್ಕಪತ್ರ #ಕನ್ನಡದಲ್ಲಿಟೆಕ್